ನಲ್ಲಿ ನಿಲ್ಲಿಸಿದವನ ಸಿಟ್ಟು

ನನಗೆ ವಹಿಸಿದ್ದ ಕೆಲಸ ಏನನ್ನೂ ಮಾಡದೆ ಸುಮ್ಮನಿರುವುದು. ಅಷ್ಟನ್ನೂ ನಾನು ಮಾಡಲಿಲ್ಲ. ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿಯನ್ನು ಅದರ ಪಾಡಿಗೆ ತೊಟ್ಟಿಕ್ಕಲು ಬಿಡಬೇಕಿತ್ತು. ಲೋಕದಲ್ಲಿ ಇದಕ್ಕಿಂತ ಸುಲಭದ ಕೆಲಸ ಇರಲಾರದು. ಕಲ್ಲೂ ಮಾಡುತ್ತದೆ, ಕುರ್ಚಿಯೂ ಮಾಡುತ್ತದೆ. ನಾನು ಮಾತ್ರ ಎದ್ದು ಹೋಗಿ ನಲ್ಲಿಯನ್ನು ನಿಲ್ಲಿಸಿದೆ. ಆಮೇಲೆ ನಿಲ್ಲಿಸಿದವನು ನಾನು ಎಂದು ಹೇಳಲಿಲ್ಲ. ಈ ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ನನ್ನನ್ನು ಕೇಳಿದರೆ ಎರಡನೆಯದೇ ಎನ್ನುತ್ತೇನೆ. ಬರೆಯಲು ಕೂತಾಗ ಪಶ್ಚಾತ್ತಾಪದಿಂದಲೇ ಶುರು ಮಾಡಬೇಕೆಂದುಕೊಂಡಿದ್ದೆ. ಆದರೆ ಏನು ಮಾಡುವುದು, ಆ ದಿನಗಳು ನೆನಪಾದ ಕೂಡಲೇ ನನಗೆ ಮೊದಲು ಬರುವುದು ಸಿಟ್ಟು. ಕರೆಂಟಿನವರ ಮೇಲೆ ಸಿಟ್ಟು, ಆ ಮನೆ ಕಟ್ಟಿದವನ ಮೇಲೆ ಸಿಟ್ಟು, ಅಮೆರಿಕದ ಜಾರ್ಜಿಯಾ ರಾಜ್ಯದ ಪೈನ್ ಮರಗಳ ಮೇಲೆ ಸಿಟ್ಟು. ನನ್ನ ಮೇಲಿನ ಸಿಟ್ಟಿನ ಸರದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಊಟದ ಸಮಯ ಆಗಿಬಿಟ್ಟಿರುತ್ತದೆ.

ನಾನು ಅಟ್ಲಾಂಟಾಕ್ಕೆ ಬಂದದ್ದು ಅಕ್ಕನ ಕೃಪೆಯಿಂದ. ಅಕ್ಕ ಲಲಿತ ಡಾಕ್ಟರು. ಆಪರೇಷನ್ ಮಾಡುವಾಗ ರೋಗಿಗೆ ಮತ್ತು ಬರಿಸುವ ಡಾಕ್ಟರು. ಎಚ್ಚರವಾಗಿರುವವರ ಬಾಯನ್ನೂ ಮುಚ್ಚಿಸುವ ಶಕ್ತಿ ಅವಳಿಗೆ ಚಿಂತಾಮಣಿಯಲ್ಲಿದ್ದಾಗಲೇ ಇತ್ತು. ನಾನು ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಅದೇ ಸ್ಕೂಲಿನ ಅದೇ ಬೆಂಚಿನ ಮೇಲೆ ಕೂತು, ಎಸ್ಸೆಸ್ಸೆಲ್ಸಿಯನ್ನು ದಾಟಲಾಗದೆ ಹೊರಬಂದವನು. ಅನಂತರ ಸೈಕಲ್ ಅಂಗಡಿ ನೋಡಿಕೊಂಡೆ, ಊದಿನಕಡ್ಡಿ ಮಾರಿದೆ, ಟೂರಿಂಗ್ ಟಾಕೀಸಿನಲ್ಲಿ ಟಿಕೆಟ್ ಹರಿದೆ. ಯಾವುದೂ ನನ್ನನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಕೊನೆಗೆ ಕಾಗದಪತ್ರ ಮಾಡಿಸಿ ಕರೆಸಿಕೊಂಡ ಅಕ್ಕ, ಏರ್‌ಪೋರ್ಟಿನಿಂದ ಮನೆಗೆ ಹೋಗುವ ದಾರಿಯಲ್ಲೇ ಕಾರು ಓಡಿಸುತ್ತಾ ಹೇಳಿಬಿಟ್ಟಳು.

"ನೋಡು ಕಿಟ್ಟಿ, ಬೇಸಿಗೆವರೆಗೂ ನೋಡ್ತೀನಿ. ಅಷ್ಟರಲ್ಲಿ ನೆಟ್ಟಗಾದ್ಯೋ ಸರಿ. ಇಲ್ಲಾಂದ್ರೆ ನಾನೇ ಟಿಕೆಟ್ ಬುಕ್ ಮಾಡಿ ವಾಪಸ್ ಕಳಿಸ್ತೀನಿ. ಅಲ್ಲಿ ಹೋಗಿ ಅಮ್ಮನ ಹತ್ರ ಅಳ್ಬೇಡ."

ಹಿಂದಿನ ಸೀಟಿನಲ್ಲಿ ನನ್ನ ಟ್ರಂಕಿನ ಪಕ್ಕ ಕೂತಿದ್ದ ಭಾವ ಮೆಲ್ಲಗೆ, "ಈಗ ತಾನೆ ಇಳಿದಿದಾನೆ ಲಲಿತಾ, ಮೊದಲು ಊಟ ಮಾಡ್ಲಿ" ಎಂದರು. ಭಾವ ವೆಂಕಟರಾಮಯ್ಯನವರು ವಿಜ್ಞಾನಿ. ಲ್ಯಾಬಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳನ್ನು ಬೆಳೆಸಿ ಅವು ಹೇಗೆ ಸಾಯುತ್ತವೆ ಎಂದು ನೋಡುವ ಕೆಲಸ. ಮನುಷ್ಯ ಮಾತ್ರ ಇರುವೆಯನ್ನೂ ದಾಟಿಕೊಂಡು ನಡೆಯುವವರು. ನನ್ನನ್ನು ಕರೆಸಿಕೊಳ್ಳಲು ಅಕ್ಕನನ್ನು ಒಪ್ಪಿಸಿದ್ದೂ ಅವರೇ ಎಂದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಿದ್ದೂ ನಾನು ಮಾಡಿದ್ದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಮನೆಯ ಬಗ್ಗೆ ಹೇಳಬೇಕು. ಯಾಕೆಂದರೆ ಮುಖ್ಯ ಅಪರಾಧಿ ಆ ಮನೆ.

ಅಕ್ಕ ಭಾವ ಅಟ್ಲಾಂಟಾದ ಪಕ್ಕದ ಡಿಕೇಟರ್‌ನಲ್ಲಿ ಹೊಸದಾಗಿ ಕೊಂಡಿದ್ದ ಮನೆ ಅದು. ಆ ಮನೆಯಲ್ಲಿ ಎಲ್ಲವೂ ವಿದ್ಯುತ್ತಿನದು ಎನ್ನುವುದು ಅದರ ಹೆಚ್ಚುಗಾರಿಕೆ. ಒಲೆ ಕರೆಂಟಿನದು. ಬಿಸಿನೀರು ಕರೆಂಟಿನದು. ಮನೆ ಬೆಚ್ಚಗಾಗುವುದು ಕರೆಂಟಿನಿಂದ. ಡಬ್ಬಿಯ ಮುಚ್ಚಳ ಕೊಯ್ಯುವ ಯಂತ್ರ, ಚಾಕು, ಗ್ಯಾರೇಜಿನ ಬಾಗಿಲು, ಎಲ್ಲವೂ ಕರೆಂಟಿನವೇ. ಹಾಲ್‌ನಲ್ಲಿ ಇಟ್ಟಿಗೆಯ ಒಂದು ಅಗ್ಗಿಷ್ಟಿಕೆ ಇತ್ತು. ಬಂದ ದಿನ ಅದರೊಳಗೆ ಕೊರಡುಗಳು ಕೆಂಪಗೆ ಉರಿಯುವುದನ್ನು ಕಂಡು ನನಗೆ ಸಂತೋಷವಾಗಿ ಕೈ ಕಾಯಿಸಿಕೊಳ್ಳಲು ಹೋದೆ. ಕೊರಡು ಪ್ಲಾಸ್ಟಿಕ್ಕಿನವು. ಒಳಗೊಂದು ಕೆಂಪು ಬಲ್ಬು, ಅದರ ಮೇಲೆ ತಿರುಗುವ ಒಂದು ತಗಡು. ಬೆಂಕಿಗೂ ಕರೆಂಟು ಬೇಕಾದ ಮನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಚಿಂತಾಮಣಿಯಲ್ಲಿ ನಮ್ಮ ಮನೆಗೆ ಕರೆಂಟು ಬಂದದ್ದು ನನಗೆ ಮೀಸೆ ಬಂದ ಮೇಲೆ. ಬಂದ ಮೇಲೂ ಅದು ನೆಂಟರ ಹಾಗೆ ಇರುತ್ತಿತ್ತು. ಇದ್ದರೆ ಸಂತೋಷ, ಹೋದರೆ ನಮ್ಮ ಕೆಲಸ ನಮಗೆ. ಇಲ್ಲಿ ಇವರು ಅದರ ಕೈಗೆ ಮನೆಯ ಬೀಗದ ಕೈಯನ್ನೇ ಕೊಟ್ಟು ಕೂತಿದ್ದರು.

ಜನವರಿಯಲ್ಲಿ ಬಿರುಗಾಳಿ ಬಂತು. ಬಿರುಗಾಳಿ ಎಂದರೆ ಗುಡುಗು, ಸಿಡಿಲು, ಹಂಚು ಹಾರುವುದು ಎಂದು ತಿಳಿದವನು ನಾನು. ಇದು ಹಾಗಲ್ಲ. ಸುಮ್ಮನೆ ಸಣ್ಣಗೆ ಮಳೆ ಹನಿಯಿತು. ಇಷ್ಟೇನಾ ಎಂದುಕೊಂಡೆ. ಆ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಗುತ್ತಾ ಹೋಯಿತು. ಹುಲ್ಲು ಗಾಜು, ಮೆಟ್ಟಿಲು ಗಾಜು, ಕಾರು ಗಾಜು, ತಂತಿಗಳೆಲ್ಲ ಹೆಬ್ಬೆರಳು ಗಾತ್ರದ ಗಾಜು. ನೋಡಲು ಬಹಳ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಸಂಜೆಗೆ ಗಾಳಿ ಎದ್ದಿತು. ಪೈನ್ ಮರಗಳು ಪಟಪಟನೆ ಮುರಿಯತೊಡಗಿದವು. ಅಷ್ಟೆತ್ತರ ಬೆಳೆದು ಒಂದು ಹಣ್ಣಿಲ್ಲ, ನೆರಳಿಲ್ಲ. ಬೀಳುವಾಗ ಮಾತ್ರ ಸರಿಯಾಗಿ ತಂತಿಯ ಮೇಲೇ ಬೀಳುವ ಬುದ್ಧಿ. ರಸ್ತೆಯ ಕೊನೆಯಲ್ಲಿ ನೀಲಿ ಬೆಳಕೊಂದು ಫಳ್ಳೆಂದಿತು. ಮನೆ ಒಮ್ಮೆ ನಿಟ್ಟುಸಿರು ಬಿಟ್ಟು ಸತ್ತುಹೋಯಿತು. ಪ್ಲಾಸ್ಟಿಕ್ ಕೊರಡೂ ಆರಿತು.

ನಾನು ಹೆದರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನಗೆ ಗೊತ್ತಿರುವ ವಿಷಯವೊಂದು ನಡೆದಿತ್ತು. "ಭಾವ, ನೀವು ಸುಮ್ನೆ ಕೂತ್ಕೊಳ್ಳಿ, ನಾನಿದೀನಿ" ಎಂದು ದೇವರ ಮುಂದಿನ ದೀಪ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಕಾಲು ಮರಗಟ್ಟತೊಡಗಿದಾಗ, ಕತ್ತಲೆ ಮಾತ್ರ ನನಗೆ ಪರಿಚಯ, ಚಳಿಯ ವಿಷಯದಲ್ಲಿ ನಾನು ಏನೂ ಓದಿಲ್ಲ ಎಂದು ತಿಳಿಯಿತು. ಕಾಫಿ ಇಲ್ಲ. ದೀಪದ ಮೇಲೆ ಲೋಟ ಹಿಡಿದು ಹಾಲು ಕಾಯಿಸಲು ನೋಡಿದೆವು. ಹಾಲು ಕಾಯಲಿಲ್ಲ, ಲೋಟದ ತಳ ಕಪ್ಪಾಯಿತು, ಭಾವನ ಬೆರಳು ಸುಟ್ಟಿತು. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿ, ಕಾರಿನಲ್ಲಿ ಓಡಾಡಿಸಿ, ಕಲ್ಲು ಹೆಕ್ಕಿಸಿಕೊಂಡು ಬಂದ ದೇಶದಲ್ಲಿ ಇಬ್ಬರು ಗಂಡಸರು ಎರಡು ಲೋಟ ಕಾಫಿಗೆ ಗತಿಯಿಲ್ಲದೆ ಕಂಬಳಿ ಹೊದ್ದು ಕೂತಿದ್ದೆವು. ಕರೆಂಟಿನವರಿಗೆ ಫೋನ್ ಮಾಡಿದರೆ ನಿಮ್ಮ ತೊಂದರೆ ನಮಗೆ ಗೊತ್ತಿದೆ ಎಂದು ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು. ಚಿಂತಾಮಣಿಯ ಲೈನ್‌ಮನ್ ಗೋವಿಂದಪ್ಪ ಯಾವತ್ತೂ ಅಷ್ಟು ಮರ್ಯಾದೆ ಕೊಟ್ಟವನಲ್ಲ. ಆದರೆ ಬೈದುಕೊಂಡೇ ಕಂಬ ಹತ್ತುತ್ತಿದ್ದ.

ಅಕ್ಕ ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿದ್ದಳು. ರಸ್ತೆಯೆಲ್ಲ ಗಾಜಾಗಿದ್ದರಿಂದ ಬರುವ ಹಾಗಿರಲಿಲ್ಲ. ಫೋನ್ ಮಾತ್ರ ಸತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅಕ್ಕನ ಫೋನ್ ಬಂತು. ರಿಸೀವರನ್ನು ಭಾವ ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದರಿಂದ ನನಗೂ ಸ್ಪಷ್ಟವಾಗಿ ಕೇಳಿಸಿತು.

"ರೀ, ನಲ್ಲಿ ಡ್ರಿಪ್ ಆಗೋಕೆ ಬಿಡಿ. ಕಿಚನ್‌ದು, ಮೇಲಿನ ಬಾತ್‌ರೂಮ್‌ದು, ಎರಡೂ. ಇಲ್ಲಾಂದ್ರೆ ಪೈಪ್ ಫ್ರೀಜ್ ಆಗಿ ಒಡೆದು ಹೋಗತ್ತೆ. ಇಲ್ಲಿ ನರ್ಸ್‌ಗಳೆಲ್ಲ ಅದೇ ಹೇಳ್ತಿದಾರೆ. ಮರೀಬೇಡಿ!"

"ಮರೆಯಲ್ಲ ಕಣೆ."

"ಹೋದ ವಾರ ಕಾರ್ ಲೈಟ್ ಆಫ್ ಮಾಡೋದು ಮರೆತ್ರಿ."

"ಅದು ಹೋದ ವಾರ."

ಭಾವ ನನ್ನೆದುರಿಗೇ ಅಡುಗೆಮನೆಯ ನಲ್ಲಿ ತಿರುಗಿಸಿ, ದಾರದಷ್ಟು ಸಣ್ಣ ಧಾರೆ ಬರುವಂತೆ ಮಾಡಿ, ಬಗ್ಗಿ ನೋಡಿ ಸರಿಮಾಡಿದರು. ಮಹಡಿ ಹತ್ತಿ ಕಿಟಕಿಯಿಲ್ಲದ ಕತ್ತಲೆ ಬಾತ್‌ರೂಮಿನಲ್ಲೂ ಹಾಗೆಯೇ ಮಾಡಿದರು. ನಾನು ದೀಪ ಹಿಡಿದು ಹಿಂದೆಯೇ ಇದ್ದೆ. "ನೀರು ಹರೀತಾ ಇದ್ರೆ ಹೆಪ್ಪುಗಟ್ಟಲ್ಲ ಕಿಟ್ಟಪ್ಪ. ನಾವಿದನ್ನ ಮುಟ್ಟೋದು ಬೇಡ" ಎಂದರು. ನಾನು ತಲೆಯಾಡಿಸಿದೆ. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಭಾವ ನಲ್ಲಿ ಬಿಟ್ಟಿದ್ದಕ್ಕೆ ಈ ಭೂಮಿಯ ಮೇಲೆ ಇದ್ದ ಒಬ್ಬನೇ ಸಾಕ್ಷಿ ನಾನು.

ಈಗ ನೀವು ಚಿಂತಾಮಣಿಯ ನೀರಿನ ವಿಷಯ ತಿಳಿದುಕೊಳ್ಳಬೇಕು. ನಮ್ಮ ಬೀದಿಗೆ ಒಂದೇ ನಲ್ಲಿ. ಅದರಲ್ಲಿ ನೀರು ಬರುವುದು ಅದರ ಮನಸ್ಸಿಗೆ ಬಂದಾಗ. ಬಿಂದಿಗೆಗಳ ಸಾಲಿನಲ್ಲಿ ನನ್ನ ಬಾಲ್ಯದ ಅರ್ಧ ಕಳೆದಿದೆ. ಪರೀಕ್ಷೆಯಲ್ಲಿ ಫೇಲಾದದ್ದಕ್ಕೂ ಅದೇ ಕಾರಣವೆಂದು ನಾನು ಹೇಳುತ್ತಿದ್ದೆ, ಅದೇ ಸಾಲಿನಲ್ಲಿ ನಿಂತೇ ಅಕ್ಕ ಪಾಸಾದದ್ದರಿಂದ ಯಾರೂ ನಂಬಲಿಲ್ಲ. ಅಮ್ಮ ಅಕ್ಕಿ ತೊಳೆದ ನೀರಿನಲ್ಲಿ ಬೇಳೆ ತೊಳೆದು, ಬೇಳೆ ತೊಳೆದ ನೀರನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕುತ್ತಿದ್ದಳು. ಮುಖ ತೊಳೆಯುವಾಗ ಒಂದು ಚೊಂಬು ಹೆಚ್ಚು ಸುರಿದುಕೊಂಡರೆ, "ಏನೋ, ಮದುವೆ ಗಂಡೇನೋ ನೀನು?" ಎನ್ನುತ್ತಿದ್ದಳು. ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ನಮ್ಮ ಮನೆಯಲ್ಲಿ ಜ್ವರ ಬಂದು ಮಲಗಿದವರೂ ಎದ್ದು ಬಂದು ನಿಲ್ಲಿಸುತ್ತಿದ್ದರು. ಅಂಥವನ ಎದುರು ಒಳ್ಳೆಯ ಕುಡಿಯುವ ನೀರನ್ನು ದಾರದಂತೆ ಹರಿಯಬಿಟ್ಟು, ಮುಟ್ಟಬೇಡ ಎಂದು ಹೇಳಿ ಹೋದರೆ ಅವನ ಗತಿ ಏನು?

ಸ್ವಲ್ಪ ಹೊತ್ತು ತಡೆದೆ. ಆಮೇಲೆ ಒಂದು ಪಾತ್ರೆ ಇಟ್ಟೆ. ಇದರಲ್ಲಿ ತಪ್ಪೇನಿಲ್ಲವಲ್ಲ, ನೀರು ಹರಿಯುತ್ತಿದೆ, ಪಾತ್ರೆಗೆ ಬೀಳುತ್ತಿದೆ, ಅಮೆರಿಕವೂ ಉಳಿಯಿತು, ಚಿಂತಾಮಣಿಯೂ ಉಳಿಯಿತು. ಪಾತ್ರೆ ತುಂಬಿತು. ಇನ್ನೊಂದು ಇಟ್ಟೆ. ಸಾರಿನ ಪಾತ್ರೆ, ಅನ್ನದ ಪಾತ್ರೆ, ಕುಕ್ಕರು, ಕುಕ್ಕರಿನೊಳಗಿನ ಡಬ್ಬಿಗಳು, ಇಡ್ಲಿ ಪಾತ್ರೆ, ಅಕ್ಕನ ಗಾಜಿನ ಬೋಗುಣಿಗಳು, ಐಸ್‌ಕ್ರೀಮಿನ ಖಾಲಿ ಡಬ್ಬಗಳು. ಮೇಲೆ ಬಾತ್‌ರೂಮಿನಲ್ಲಿ ಬಕೆಟ್ಟು, ಇನ್ನೊಂದು ಬಕೆಟ್ಟು, ಮಗ್ಗು. ನಾನು ಮೇಲೆ ಕೆಳಗೆ ಓಡಾಡುತ್ತಲೇ ಇದ್ದೆ. ಚಳಿಯೂ ಗೊತ್ತಾಗಲಿಲ್ಲ. ಭಾವ ಕಿಟಕಿಯ ಹತ್ತಿರ ಕೋಟು, ಮಫ್ಲರು, ಅಕ್ಕನ ಶಾಲು ಎಲ್ಲ ಹೊದ್ದು ಏನೋ ಓದುತ್ತಾ, "ಏನೋ ಅಷ್ಟೊಂದು ಓಡಾಟ?" ಎಂದರು. "ಬೆಚ್ಚಗಾಗೋಕೆ ಭಾವ" ಎಂದೆ. "ಬುದ್ಧಿವಂತ" ಎಂದರು.

ಸಂಜೆಯ ಹೊತ್ತಿಗೆ ಮನೆಯಲ್ಲಿ ಖಾಲಿ ಪಾತ್ರೆ ಉಳಿದಿರಲಿಲ್ಲ. ಚಮಚವೊಂದನ್ನು ಬಿಟ್ಟರೆ ನೀರು ಹಿಡಿಯಬಲ್ಲ ಎಲ್ಲದರಲ್ಲೂ ನೀರಿತ್ತು. ತುಂಬಿದ ಪಾತ್ರೆಯನ್ನು ಸಿಂಕಿಗೆ ಚೆಲ್ಲಿ ಮತ್ತೆ ಹಿಡಿಯಬಹುದಿತ್ತು. ಆದರೆ ಹಿಡಿದ ನೀರನ್ನು ಚೆಲ್ಲುವುದಕ್ಕೆ ಕೈ ಏಳಬೇಕಲ್ಲ! ಮಹಡಿಯ ಬಾತ್‌ರೂಮಿನಲ್ಲಿ ತುಂಬಿ ತುಳುಕುತ್ತಿದ್ದ ಬಕೆಟ್ಟಿನ ಮುಂದೆ ನಿಂತೆ. ಧಾರೆ ಬಕೆಟ್ಟಿಗೆ ಬಿದ್ದು, ಅಂಚಿನಿಂದ ಇಳಿದು, ಬಿಳಿ ತೊಟ್ಟಿಯ ತೂತಿನೊಳಗೆ ಕಣ್ಮರೆಯಾಗುತ್ತಿತ್ತು. ಯಾರಿಗೂ ಬೇಡದ ನೀರು. ಇಷ್ಟು ನೀರಿದ್ದು ಇವರಿಗೆ ಇಷ್ಟು ಸೊಕ್ಕು ಎನ್ನಿಸಿ ನನಗೆ ಮೈ ಉರಿಯಿತು. ಆ ಚಳಿಯಲ್ಲಿ ಮೈಯಲ್ಲಿ ಉರಿದದ್ದು ಅದೊಂದೇ. ಸಾಕು, ಇಷ್ಟು ಹರಿದ ಮೇಲೆ ಇನ್ನೇನು ಹೆಪ್ಪುಗಟ್ಟುತ್ತದೆ ಎಂದುಕೊಂಡು ನಲ್ಲಿಯನ್ನು ತಿರುಗಿಸಿದೆ. ಎಷ್ಟು ಬಿಗಿಯಾಗಿ ತಿರುಗಿಸಿದೆ ಎಂದರೆ ಒಂದು ತೊಟ್ಟೂ ಬೀಳಲಿಲ್ಲ. ಕೆಳಗೆ ಬಂದಾಗ ಅಡುಗೆಮನೆಯ ನಲ್ಲಿಯ ಪಕ್ಕದಲ್ಲೇ ಭಾವ ಕೂತಿದ್ದರಿಂದ ಅದು ಬದುಕಿಕೊಂಡಿತು.

ಭಾವ ತಮ್ಮ ಮೈಮೇಲಿನ ಅಕ್ಕನ ಶಾಲನ್ನು ತೆಗೆದು ನನಗೆ ಹೊದಿಸಿದರು. ತಣ್ಣನೆಯ ಬ್ರೆಡ್ಡಿಗೆ ಮಿಡಿ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆವು. ತಿನ್ನುತ್ತಾ ಅವರು, "ನಿಮ್ಮಕ್ಕನ ಮಾತಿಗೆ ನೀನು ಹೆದರ್ಬೇಡ ಕಿಟ್ಟಪ್ಪ. ಬೇಸಿಗೆ ಬರ್ಲಿ, ನಾನು ಮಾತಾಡ್ತೀನಿ. ಕೆಲ್ಸಕ್ಕೆ ಮಾರ್ಕ್ಸ್ ಕಾರ್ಡ್ ಒಂದೇ ಏನು?" ಎಂದರು. ನಾನು ಕಣ್ಣೊರೆಸಿಕೊಂಡೆ. ಉಪ್ಪಿನಕಾಯಿ ಖಾರ ಎಂದೆ.

ಮರುದಿನ ಮಧ್ಯಾಹ್ನ ಕರೆಂಟು ಬಂತು. ಅಕ್ಕನೂ ಬಂದಳು, ಜಾರದಿರಲೆಂದು ಚಕ್ರಕ್ಕೆ ಸರಪಳಿ ಕಟ್ಟಿದ ಶಾಮಣ್ಣನ ಕಾರಿನಲ್ಲಿ. ಶಾಮಣ್ಣ ಕಾರ್ಖಾನೆಯೊಂದರಲ್ಲಿ ಕೆಮಿಸ್ಟು. ಅಟ್ಲಾಂಟಾದಲ್ಲಿ ಆಗ ಇದ್ದ ಬೆರಳೆಣಿಕೆಯ ಕನ್ನಡದವರ ಪೈಕಿ ಎಲ್ಲರ ಮನೆಯ ಸುದ್ದಿಯೂ ಗೊತ್ತಿದ್ದ ಮನುಷ್ಯ. ಹೀಟರು ಗೊರಗೊರ ಎಂದಿತು. ಅಕ್ಕ ಬಿಸಿಬಿಸಿ ಉಪ್ಪಿಟ್ಟು ಮಾಡಿದಳು. ನಾಲ್ವರೂ ಟೇಬಲ್ಲಿನ ಸುತ್ತ ಕೂತು ಮೊದಲ ತುತ್ತು ಬಾಯಿಗಿಟ್ಟಿದ್ದೆವು. ಶಾಮಣ್ಣನ ತಟ್ಟೆಗೆ ಮೇಲಿನಿಂದ ಟಪ್ಪೆಂದು ಒಂದು ಹನಿ ಬಿತ್ತು. ಅವನು ಮೇಲೆ ನೋಡಿದ. ಸೀಲಿಂಗು ಬಸುರಿಯ ಹೊಟ್ಟೆಯ ಹಾಗೆ ಕೆಳಗೆ ಉಬ್ಬಿತ್ತು. "ಡಾಕ್ಟ್ರೇ, ಇದು..." ಎನ್ನುವಷ್ಟರಲ್ಲಿ ಅದು ಹೆತ್ತುಬಿಟ್ಟಿತು. ಹಲಗೆ, ಸುಣ್ಣ, ಒದ್ದೆ ಹತ್ತಿಯಂಥದ್ದೇನೋ, ಅದರ ಹಿಂದೆ ಕೋಡಿ ಬಿದ್ದ ಹಾಗೆ ನೀರು. ಉಪ್ಪಿಟ್ಟು ತೇಲಿತು. ಅಕ್ಕ ಹೊಸದಾಗಿ ಹಾಕಿಸಿದ್ದ ಹಸಿರು ಕಾರ್ಪೆಟ್ಟು ಗದ್ದೆಯಾಯಿತು. ರಾತ್ರಿ ಹೆಪ್ಪುಗಟ್ಟಿ ಪೈಪನ್ನು ಒಡೆದಿದ್ದ ನೀರು ಹೀಟರಿನ ಬಿಸಿಗೆ ಕರಗಿ ಹೊರಬಂದಿತ್ತು.

ನೀರಿನ ಮೇನ್ ಬಂದ್ ಮಾಡಿ ಮಹಡಿಗೆ ಹೋಗಿ ನೋಡಿದ ಅಕ್ಕ ಮೆಟ್ಟಿಲ ತುದಿಯಲ್ಲೇ ನಿಂತು ಕೇಳಿದಳು.

"ರೀ, ಬಾತ್‌ರೂಮ್ ನಲ್ಲಿ ಬಿಟ್ಟಿದ್ರಾ?"

"ಬಿಟ್ಟಿದ್ದೆ ಕಣೆ."

"ಬಿಗಿಯಾಗಿ ಕ್ಲೋಸ್ ಆಗಿದೆ ಇಲ್ಲಿ! ಬಿಟ್ಟಿದ್ರೆ ಯಾರು ನಿಲ್ಸಿದ್ರು, ದೆವ್ವ ಬಂದು ನಿಲ್ಲಿಸ್ತಾ?"

"ಇಲ್ಲ ಲಲಿತಾ, ನಾನು ಬಿಟ್ಟ ಹಾಗೆ ನೆನಪು..."

"ಈಗ 'ಹಾಗೆ ನೆನಪು' ಅಂತೀರಿ! ಕಿಟ್ಟಿ, ನೀನೇನಾದ್ರೂ ಮುಟ್ಟಿದ್ಯೇನೋ?"

ಒಂದು ಕ್ಷಣ ಎಲ್ಲರೂ ನನ್ನನ್ನು ನೋಡಿದರು. ನನ್ನ ಕಣ್ಣಿಗೆ ಅಕ್ಕ ಕಾಣಲಿಲ್ಲ. ವಾಪಸ್ ಟಿಕೆಟ್ ಕಂಡಿತು. ಚಿಂತಾಮಣಿಯ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಇಳಿಸಿಕೊಳ್ಳುತ್ತಿರುವ ನಾನು ಕಂಡೆ. ಸೈಕಲ್ ಅಂಗಡಿಯವನು, "ಏನ್ ಕಿಟ್ಟಣ್ಣ, ಅಮೆರಿಕಾನೂ ಬ್ಯಾಡ ಅಂತಾ?" ಎಂದು ಕೇಳುವುದು ಕೇಳಿಸಿತು.

"ನಾನ್ಯಾಕೆ ಮುಟ್ಲಿ?" ಎಂದೆ.

ಗಮನಿಸಿ, ನಾನು ಸುಳ್ಳು ಹೇಳಲಿಲ್ಲ, ಪ್ರಶ್ನೆ ಕೇಳಿದೆ. ಈ ಸಮಾಧಾನವನ್ನು ನಾನು ಬಹಳ ದಿನ ನನಗೆ ಹೇಳಿಕೊಂಡೆ. ಅದು ಮನಸ್ಸಿಗೆ ನಾಟಲಿಲ್ಲ. ಇನ್ನೂ ಕೆಟ್ಟದ್ದು ಮುಂದೆ ಆಯಿತು. ಅಕ್ಕ ಅಡುಗೆಮನೆಗೆ ಹೋದವಳು, ಉಪ್ಪಿಟ್ಟಿನ ಅವಸರದಲ್ಲಿ ಪಕ್ಕಕ್ಕೆ ಸರಿಸಿದ್ದ ತುಂಬಿದ ಪಾತ್ರೆಗಳ ಸಾಲನ್ನು ಈಗ ಸರಿಯಾಗಿ ನೋಡಿ ನಿಂತುಬಿಟ್ಟಳು. ಈಗ ಸಿಕ್ಕಿಬಿದ್ದೆ ಎಂದುಕೊಂಡೆ. ಅಕ್ಕ ತಿರುಗಿದಾಗ ಅವಳ ಮುಖದಲ್ಲಿ ನಾನು ಹುಟ್ಟಿದಾಗಿನಿಂದ ಕಾಣದ ಒಂದು ಮೆಚ್ಚುಗೆ ಇತ್ತು.

"ನೋಡಿ ಇಲ್ಲಿ! ನೀರು ನಿಂತು ಹೋಗಬಹುದು ಅಂತ ಇವನು ಎಲ್ಲ ತುಂಬಿಸಿ ಇಟ್ಟಿದಾನೆ. ಎಸ್ಸೆಸ್ಸೆಲ್ಸಿ ಫೇಲ್ ಆದೋನಿಗಿರೋ ಸೆನ್ಸು ಪಿಎಚ್‌ಡಿ ಮಾಡಿದೋರಿಗಿಲ್ಲ!"

ಪ್ಲಂಬರ್ ಬರುವವರೆಗೆ ಮನೆಯಲ್ಲಿ ಅದೇ ನೀರಿನಲ್ಲಿ ಅಡುಗೆಯಾಯಿತು, ಮುಖ ತೊಳೆದದ್ದಾಯಿತು. ಪ್ರತಿ ಚೊಂಬಿಗೂ ನನ್ನ ಹೊಗಳಿಕೆ ಆಯಿತು. ಭಾವ ಸೀಲಿಂಗಿನ ತೂತನ್ನು ನೋಡುತ್ತಾ ನಿಂತಿದ್ದರು. "ಬಿಟ್ಟಿದ್ನಲ್ಲಾ" ಎಂದು ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಬಿಟ್ಟಿದ್ನಾ?" ಎಂದರು. ನಾನು ಪಕ್ಕದಲ್ಲೇ ಇದ್ದೆ.

ಬೇಸಿಗೆ ಬಂತು. ಅಕ್ಕ ಟಿಕೆಟ್ಟಿನ ಮಾತೆತ್ತಲಿಲ್ಲ. ಅಷ್ಟೇ ಅಲ್ಲ, "ಕಷ್ಟದಲ್ಲಿ ತಲೆ ಓಡಿಸ್ತಾನೆ" ಎಂದು ಯಾರಿಗೋ ಹೇಳಿ ಒಂದು ಕಾರ್ಪೆಟ್ ಗೋದಾಮಿನಲ್ಲಿ ನನಗೆ ಕೆಲಸ ಕೊಡಿಸಿದಳು. ಆಗಲಾದರೂ ಹೇಳಬಹುದಿತ್ತು. ಆದರೆ ಆಗ ಬೇರೆ ತೊಂದರೆ ಹುಟ್ಟಿತ್ತು. 'ಇಷ್ಟು ದಿನ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಒಂದು ವರ್ಷ ಕಳೆದ ಮೇಲೆ ಆ ಉತ್ತರ ಇನ್ನೂ ಕಷ್ಟವಾಯಿತು. ನಾನು ಸುಮ್ಮನಿದ್ದೆ. ಸುಮ್ಮನಿರಬೇಕಾದಾಗ ಇರಲಾರದವನು ಮಾತಾಡಬೇಕಾದಾಗ ಎಷ್ಟು ಚೆನ್ನಾಗಿ ಸುಮ್ಮನಿದ್ದೆನೆಂದರೆ ನನಗೇ ಆಶ್ಚರ್ಯವಾಗುತ್ತದೆ.

ಶಾಮಣ್ಣ ಸುಮ್ಮನಿರಲಿಲ್ಲ. ಉಪ್ಪಿಟ್ಟು ತೇಲಿದ ಕಥೆ ಅವನ ಬಾಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪ್ರತಿ ಪಾಟ್‌ಲಕ್‌ನಲ್ಲೂ ಬೆಳೆಯಿತು. ಭಾವನನ್ನು ಎಲ್ಲರೂ 'ನಲ್ಲಿ ರಾಯರು' ಎಂದರು. ಕೈ ತೊಳೆದು ಬಂದರೆ, "ರಾಯರೇ, ನಿಲ್ಸಿ ಬಂದ್ರಾ, ಬಿಟ್ಟು ಬಂದ್ರಾ?" ಎನ್ನುವುದು, ಎಲ್ಲರೂ ನಗುವುದು. ಭಾವನೂ ನಗುತ್ತಿದ್ದರು. ಆದರೆ ಮನೆಯಲ್ಲಿ ನಡೆಯುತ್ತಿದ್ದುದನ್ನು ಶಾಮಣ್ಣ ನೋಡಿರಲಿಲ್ಲ, ನಾನು ದಿನಾ ನೋಡುತ್ತಿದ್ದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದವರು ಇಳಿದು ಬರುತ್ತಿದ್ದರು. ಒಲೆ ಆಫ್ ಆಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಮತ್ತೆ ಹೋಗಿ ಕೂತು, ಮತ್ತೆ ಇಳಿದು ಬಾಗಿಲು ಎಳೆದು ನೋಡುತ್ತಿದ್ದರು. ಭಾನುವಾರ ಲ್ಯಾಬಿಗೆ ಹೋಗಿ ಬೀಗ ಅಲ್ಲಾಡಿಸಿ ಬರುತ್ತಿದ್ದರು. ಒಂದು ಸಲ ನನ್ನನ್ನು ಕರೆದು, "ಕಿಟ್ಟಪ್ಪ, ನಾನು ಗ್ಯಾರೇಜ್ ಬಾಗ್ಲು ಹಾಕಿದ್ದು ನೀನು ನೋಡಿದ್ಯಾ? ನನ್ನ ಮಾತನ್ನ ನಾನೇ ನಂಬೋ ಹಾಗಿಲ್ಲ ನೋಡು" ಎಂದು ನಕ್ಕರು. ಕಣ್ಣಿಗೆ ಕಾಣದ ಕ್ರಿಮಿಯನ್ನೂ ಗುರುತಿಸುವ ಮನುಷ್ಯ ತನ್ನ ಕೈ ಮಾಡಿದ ಕೆಲಸಕ್ಕೆ ನನ್ನನ್ನು ಸಾಕ್ಷಿ ಕೇಳುತ್ತಿದ್ದರು. ನನ್ನನ್ನು!

ಕೆಲವು ವರ್ಷಗಳ ಮೇಲೆ ಶಾಮಣ್ಣನಿಗೆ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಪಕ್ಕದ ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ಮನೆ ಮಾಡಿದ. ಗೃಹಪ್ರವೇಶಕ್ಕೆ ನಾವು ಮೂವರೂ ಕಾರಿನಲ್ಲಿ ಹೊರಟೆವು. ಸೌತ್ ಕ್ಯಾರೊಲಿನಾದ ಗಡಿ ಹತ್ತಿರ ಬರುವಾಗ ಭಾವ, "ಲಲಿತಾ, ಒಲೆ..." ಎಂದರು. "ನಾನೇ ಆಫ್ ಮಾಡಿದೀನ್ರೀ" ಎಂದಳು ಅಕ್ಕ. ಸ್ವಲ್ಪ ದೂರ ಹೋದ ಮೇಲೆ ಭಾವ ಕಾರಿನ ವೇಗ ಇಳಿಸಿ ಹಿಂದಿನ ಕನ್ನಡಿಯನ್ನೇ ನೋಡತೊಡಗಿದರು. ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ, ತಿರುಗಿಸಿ" ಎಂದಳು. ಅಷ್ಟು ದೂರ ಬಂದವರು ವಾಪಸ್ ಡಿಕೇಟರ್‌ಗೆ ಹೋಗಿ, ತಣ್ಣಗಿದ್ದ ಒಲೆಯನ್ನು ಭಾವ ಮುಟ್ಟಿ ನೋಡಿ, ಮತ್ತೆ ಹೊರಟೆವು. ದಾರಿಯುದ್ದಕ್ಕೂ ನನಗೆ ಕೆಂಡದಂಥ ಕೋಪ. ಶಾಮಣ್ಣನ ಮೇಲೆ ಕೋಪ, ನಕ್ಕವರೆಲ್ಲರ ಮೇಲೆ ಕೋಪ. ಒಬ್ಬ ಸಾಧು ಮನುಷ್ಯನನ್ನು ಈ ಗತಿಗೆ ತಂದರಲ್ಲ ಎಂದು ಹಿಂದಿನ ಸೀಟಿನಲ್ಲಿ ಹಲ್ಲು ಕಡಿಯುತ್ತಾ ಕೂತಿದ್ದೆ.

ಫೇರ್‌ಫ್ಯಾಕ್ಸ್‌ನ ಮನೆಯಲ್ಲಿ ಮಧ್ಯಾಹ್ನದ ಊಟ. ಹಾಲ್‌ನಲ್ಲಿ ನೆಲದ ಮೇಲೆ ಪೇಪರ್ ತಟ್ಟೆ ಹಿಡಿದು ಕೂತ ಡಾಕ್ಟರುಗಳು, ಪ್ರೊಫೆಸರುಗಳು, ಅವರ ಹೆಂಡಿರು ಮಕ್ಕಳು. ಬಹುಪಾಲು ಜನ ನಮಗೆ ಹೊಸಬರು. ಆದರೆ ಅವರಿಗೆ ನಾವು ಹಳಬರು. ಬಾಗಿಲಲ್ಲೇ ಒಬ್ಬರು, "ಓಹೋ, ನಲ್ಲಿ ರಾಯರು ಇವರೇನಾ?" ಎಂದರು. ಕಥೆ ನಮಗಿಂತ ಮುಂಚೆಯೇ ವರ್ಜೀನಿಯಾ ತಲುಪಿತ್ತು. ಪಾಯಸ ಬಡಿಸುವಾಗ ಶಾಮಣ್ಣ ಎಲ್ಲರ ನಡುವೆ ನಿಂತು ಶುರು ಮಾಡಿದ.

"ಕೇಳಿ, ಡಾಕ್ಟ್ರು ಫೋನಲ್ಲಿ ಹೇಳಿದಾರೆ, ರೀ ನಲ್ಲಿ ಬಿಡಿ ಅಂತ. ನಮ್ಮ ರಾಯರು ಹೂಂ ಅಂದ್ರು. ಅಂದು ಏನು ಮಾಡಿದ್ರು? ಬುಕ್ ತಗೊಂಡು ಕೂತ್ರು! ನಾನು ಉಪ್ಪಿಟ್ಟಿಗೆ ಕೈ ಹಾಕಿದೀನಿ..."

ಎಲ್ಲರೂ ನಕ್ಕರು. ಭಾವ ಅಭ್ಯಾಸದಂತೆ ನಗಲು ಬಾಯಿ ತೆರೆದರು. ಅವತ್ತು ನಗು ಬರಲಿಲ್ಲ. ತಟ್ಟೆಯ ಕಡೆ ನೋಡುತ್ತಾ ಕೂತರು. ನನಗೆ ಏನಾಯಿತೋ, ಪಾಯಸದ ಲೋಟ ಹಿಡಿದೇ ಎದ್ದು ನಿಂತೆ.

"ಬಾಯಿ ಮುಚ್ಚು ಶಾಮಣ್ಣ! ನಾಚ್ಕೆ ಆಗಲ್ವಾ ನಿಂಗೆ? ನೀನು ನೋಡಿದ್ಯಾ ಅವರು ನಲ್ಲಿ ಬಿಡ್ಲಿಲ್ಲ ಅಂತ?"

"ಅಯ್ಯೋ, ಇದೇನಪ್ಪ ಕಿಟ್ಟಿ, ತಮಾಷೆಗೆ..."

"ತಮಾಷೆ ಅಂತೆ ತಮಾಷೆ! ಒಬ್ಬರ ಹೆಸರು ಹಾಳು ಮಾಡೋದು ತಮಾಷೇನಾ? ಏನೂ ಗೊತ್ತಿಲ್ದೆ ಊರೂರಿಗೆ ಹೇಳ್ಕೊಂಡು ಬರ್ತೀಯಲ್ಲ!"

ಅಕ್ಕ ನನ್ನ ತೋಳು ಹಿಡಿದಳು. "ಕಿಟ್ಟಿ, ಕೂತ್ಕೋ. ನಿಂಗ್ಯಾಕೋ ಅಷ್ಟು ಸಿಟ್ಟು?"

ಅಷ್ಟು ವರ್ಷ ಉತ್ತರ ಹುಡುಕಿದ್ದು ಬೇರೆ ಪ್ರಶ್ನೆಗೆ. ಈ ಪ್ರಶ್ನೆಗೆ ನನ್ನ ಹತ್ತಿರ ಏನೂ ತಯಾರಿರಲಿಲ್ಲ. ಆದ್ದರಿಂದ ನಿಜವೇ ಬಂದುಬಿಟ್ಟಿತು, ಅದೂ ಜಗಳದ ದನಿಯಲ್ಲೇ.

"ನಲ್ಲಿ ನಿಲ್ಸಿದ್ದು ನಾನು! ನಾನೇ ನಿಲ್ಸಿದ್ದು! ಅವರು ಬಿಟ್ಟಿದ್ರು, ನಾನು ದೀಪ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಪಾತ್ರೆಯೆಲ್ಲ ತುಂಬಿ ಹೋಯ್ತು, ನೀರು ಸುಮ್ನೆ ಹೋಗ್ತಿತ್ತು, ನಿಲ್ಲಿಸಿಬಿಟ್ಟೆ. ನೀನು ವಾಪಸ್ ಕಳಿಸ್ತೀಯ ಅಂತ ಹೇಳ್ಲಿಲ್ಲ ಅಕ್ಕ."

ಯಾವುದೋ ಮಗು, "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದಿತು. ಇಡೀ ಆಸ್ಪತ್ರೆಯ ಬಾಯಿ ಮುಚ್ಚಿಸುವ ಅಕ್ಕ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ತನ್ನ ಗಂಡನನ್ನು. ಭಾವ ನಿಧಾನವಾಗಿ ತಟ್ಟೆ ಕೆಳಗಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿ ಎಂದು ದೇವರಲ್ಲಿ ಬೇಡಿಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತಾ, ಪಾಠ ಸರಿಯಾಯಿತೇ ಎಂದು ಮೇಷ್ಟರನ್ನು ಕೇಳುವ ಹುಡುಗನ ದನಿಯಲ್ಲಿ ಕೇಳಿದರು.

"ಹಾಗಾದ್ರೆ... ನಾನು ಬಿಟ್ಟಿದ್ದೆ?"

ಇಡೀ ವರ್ಜೀನಿಯಾದ ಮೇಲೆ ಹರಿಹಾಯಲು ಕಟ್ಟಿಕೊಂಡು ಬಂದಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅದು ಇಷ್ಟು ವರ್ಷ ಯಾರ ಮೇಲೆ ಇರಬೇಕಿತ್ತೋ ಅವನು ಕೈಯಲ್ಲಿ ಪಾಯಸದ ಲೋಟ ಹಿಡಿದು ನಿಂತಿದ್ದ. ನಾನು ಭಾವನ ಎದುರಿಗೆ ನೆಲದ ಮೇಲೆ ಕೂತೆ.

"ಬಿಟ್ಟಿದ್ರಿ ಭಾವ. ಎರಡೂ ನಲ್ಲಿ ಬಿಟ್ಟಿದ್ರಿ, ಬಗ್ಗಿ ನೋಡಿ ಸರಿಮಾಡಿದ್ರಿ. ನೀವು ಏನೂ ಮರೆತಿರ್ಲಿಲ್ಲ. ತಪ್ಪು ನಂದು. ನನ್ನನ್ನ ಕ್ಷಮಿಸಿ, ಭಾವ."